ಅಮ್ಮನ ಪೇಟಿಯ ಬಿಳಿ ಒಂದು

ಅಟ್ಟದಿಂದ ಪೇಟಿ, ಅಂದರೆ ಹಾರ್ಮೋನಿಯಂ, ಇಳಿಸಿದ್ದು ಮೇ ತಿಂಗಳ ಮೊದಲ ಭಾನುವಾರ. ಕೊಪ್ಪಳದ ಬಿಸಿಲಿಗೆ ಅಟ್ಟ ಕಾದ ಹಂಚಿನಂತೆ ಆಗಿತ್ತು. ಪೇಟಿಗೆ ಸುತ್ತಿದ್ದು ಅಮ್ಮನ ಹಳೇ ಇಳಕಲ್ ಸೀರೆ. ಗಂಟು ಬಿಚ್ಚುವಾಗ ಸೀರೆ ಮಡಿಕೆ ಮಡಿಕೆಯಲ್ಲೇ ಹರಿಯಿತು. ಕೆಂಪು ಸೆರಗಿನ ಒಂದು ತುಂಡನ್ನು ಅವ್ವ ತೆಗೆದಿಟ್ಟುಕೊಂಡಳು.

ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ. ಹಾಗಾಗಿ ಇಲ್ಲಿ ಅಮ್ಮ ಅಂದರೆ ನನ್ನ ಅವ್ವನ ತಾಯಿ. 2024ರ ಶ್ರಾವಣದಲ್ಲಿ ತೀರಿಕೊಂಡಳು. ಆಗ ಆಕೆಗೆ 84 ವರ್ಷ. ವರ್ಷದ ಪುಣ್ಯಸ್ಮರಣೆಗೆ ಓಣಿಯ ಭಜನೆ ಹೆಣ್ಣುಮಕ್ಕಳನ್ನೆಲ್ಲ ಕರೆಯಬೇಕು, ಅಮ್ಮನ ಪೇಟಿಯಲ್ಲೇ ಭಜನೆ ಆಗಬೇಕು ಅಂತ ಅವ್ವನ ಆಸೆ. ಕೈಯಲ್ಲಿ ಮೂರು ತಿಂಗಳಿತ್ತು. ನಾನು ಮೋಟಾರ್ ರಿವೈಂಡಿಂಗ್ ಕೆಲಸದವನು. ಪೇಟಿ ಬಿಚ್ಚಿದ್ದು ಇದೇ ಮೊದಲು. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಮನೆಯಲ್ಲಿ ಇಂಥ ಹಳೇ ಪೇಟಿ ಇರುವವರಿಗೆ ಉಪಯೋಗ ಆಗಬಹುದು ಅಂತ ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಪೇಟಿಯ ವಿವರ ಮೊದಲು ಹೇಳಿಬಿಡುತ್ತೇನೆ. ಸಾಗವಾನಿ ಪೆಟ್ಟಿಗೆ, 39 ಮನೆ (ಬೆರಳಿಂದ ಒತ್ತುವ ಬಿಳಿ, ಕರಿ ಪಟ್ಟಿಗಳು), ಎರಡು ಸಾಲು ರೀಡು (ಗಾಳಿಗೆ ಕಂಪಿಸಿ ದನಿ ಕೊಡುವ ಹಿತ್ತಾಳೆ ನಾಲಿಗೆಗಳು). ಕೆಳಗಿನ ದನಿಯದು ಖರ್ಜದ ಸಾಲು, ಅದಕ್ಕಿಂತ ಒಂದು ಸಪ್ತಕ ಮೇಲಿನದು ನರ ಸಾಲು. ಒಟ್ಟು 78 ರೀಡು. ಮುಂದುಗಡೆ ಎಳೆಯುವ ಗುಂಡಿಗಳು ಒಂಬತ್ತು. 1969ರಲ್ಲಿ ಗವಿಮಠದ ಜಾತ್ರೆಗೆ ಕ್ಯಾಂಪ್ ಹಾಕಿದ್ದ ಒಂದು ನಾಟಕ ಕಂಪನಿಯವರಿಂದ ತಾತ ಇದನ್ನು ಕೊಂಡಿದ್ದರು. ಕಂಪನಿಯ ಮೇಳದಲ್ಲಿ ಕಾಲಲ್ಲಿ ತುಳಿಯುವ ದೊಡ್ಡ ಪೇಟಿ ಇರುತ್ತಿತ್ತು. ಇದು ತಾಲೀಮಿಗೆ ಇಟ್ಟುಕೊಂಡಿದ್ದ ಕೈಪೇಟಿ. ಪ್ಯಾರಿಸ್ಸಿನ ದೆಬೈನ್ 1842ರಲ್ಲಿ ಹಾರ್ಮೋನಿಯಂ ಮಾಡಿದಾಗ ಅದು ಕುರ್ಚಿ ಮೇಲೆ ಕೂತು ತುಳಿಯುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಅದನ್ನು ನಮಗೆ ಒಗ್ಗಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಆತ ಹಾಗೆ ಮಾಡದೇ ಇದ್ದಿದ್ದರೆ ನಮ್ಮ ಪಡಸಾಲೆಗೆ ಪೇಟಿ ಬರುತ್ತಲೇ ಇರಲಿಲ್ಲ.

ಬಿಚ್ಚಿದ್ದು

ಮೇಲಿನ ಜಾಲರಿ ತೆಗೆದೆ. ಆಮೇಲೆ ಮನೆಗಳನ್ನು ಒತ್ತಿ ಹಿಡಿದಿರುವ ಅಡ್ಡಪಟ್ಟಿ. ಹಿತ್ತಾಳೆ ಸ್ಕ್ರೂಗಳು ಮರದಲ್ಲಿ ಕಚ್ಚಿಕೊಂಡಿದ್ದವು. ಜೋರು ಮಾಡಿದರೆ ತಲೆ ಸವೆದು ಹೋಗುತ್ತದೆ. ಬೆಸುಗೆ ಹಾಕುವ ಕಡ್ಡಿಯನ್ನು ಬಿಸಿ ಮಾಡಿ ಒಂದೊಂದು ಸ್ಕ್ರೂ ತಲೆ ಮೇಲೆ ಅರ್ಧ ನಿಮಿಷ ಇಟ್ಟೆ, ಆರಿದ ಮೇಲೆ ತಿರುಗಿಸಿದೆ. ಎಲ್ಲವೂ ಬಂದವು. ಒಂದೂ ಮುರಿಯಲಿಲ್ಲ.

ಮನೆ ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ಪ್ರತಿ ಮನೆಯ ಹಿಂಬದಿ ಪೆನ್ಸಿಲಿನಲ್ಲಿ ನಂಬರ್ ಹಾಕಿ. ಎಲ್ಲ ಒಂದೇ ತರ ಕಾಣುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಮನೆಗಳ ಕೆಳಗೆ ಸಿಕ್ಕಿದ್ದು: ಹಸಿರು ಬಳೆಯ ಮೂರು ಚೂರು, ಒಂದು ತಲೆಪಿನ್ನು, ನಾಲ್ಕಾರು ಅಕ್ಷತೆ ಕಾಳು, ಇಪ್ಪತ್ತೈದು ಪೈಸೆಯ ಒಂದು ನಾಣ್ಯ. ಮತ್ತೆ ಬೆಳ್ಳಗಿನ ನುಣ್ಣನೆ ಪುಡಿ. ಮೊದಲು ಮರಹುಳದ ಹುಡಿ ಅಂದುಕೊಂಡೆ. ಬೆರಳಿಗೆ ಹಚ್ಚಿ ನೋಡಿದರೆ ವಿಭೂತಿ.

ಅಮ್ಮ ದಿನಾ ಬೆಳಗ್ಗೆ ಪೂಜೆ ಮುಗಿಸಿ ನೇರ ಪೇಟಿ ಮುಂದೆ ಕೂರುತ್ತಿದ್ದಳು. ಬೆರಳಿಗೆ ಅಂಟಿದ ವಿಭೂತಿ ಹಾಗೇ ಇರುತ್ತಿತ್ತು. ನಲವತ್ತು ವರ್ಷ ಉದುರಿದ್ದು ಮನೆಗಳ ಸಂದಿಯಲ್ಲಿ ಕೂತಿದೆ. ಒಂದು ಬ್ರಶ್ ತಗೊಂಡು ಅದನ್ನು ಕಾಗದದ ಮೇಲೆ ಉದುರಿಸಿ, ಪೊಟ್ಟಣ ಕಟ್ಟಿ ಅವ್ವನ ಕೈಗೆ ಕೊಟ್ಟೆ. ಆಕೆ ಅದನ್ನು ದೇವರ ಜಗಲಿ ಮೇಲೆ ಇಟ್ಟಳು.

ಮನೆಗಳನ್ನು ಸಾಲಾಗಿ ಚಾಪೆ ಮೇಲೆ ಜೋಡಿಸಿದಾಗ ಇನ್ನೊಂದು ಕಂಡಿತು. ಎಲ್ಲ ಮನೆ ಒಂದೇ ಸಮ ಸವೆದಿರಲಿಲ್ಲ. (ಪ್ರತಿ ಸಪ್ತಕದಲ್ಲೂ ಬಿಳಿ ಮನೆ, ಕರಿ ಮನೆಗಳನ್ನು ಬೇರೆ ಬೇರೆ ಎಣಿಸಿ ಬಿಳಿ ಒಂದು, ಕರಿ ನಾಲ್ಕು ಅಂತ ಕರೆಯುತ್ತಾರೆ.) ಕರಿ ನಾಲ್ಕರ ಮೇಲಿನ ಬಣ್ಣ ಪೂರ್ತಿ ಹೋಗಿ ಮರ ಕಾಣುತ್ತಿತ್ತು. ಅದನ್ನು ಸ ಅಂತ ಹಿಡಿದರೆ ಪಂಚಮಕ್ಕೆ (ಪ) ಬರುವ ಕರಿ ಎರಡೂ ಹಾಗೇ. ಗಾಂಧಾರಕ್ಕೆ (ಗ) ಬರುವ ಬಿಳಿ ಒಂದರ ಮೇಲೆ ಉಗುರು ಕೂರುವಷ್ಟು ಗುಣಿ. ಅಂದರೆ ಅಮ್ಮನ ಷಡ್ಜ, ಹಾಡಿಗೆ ಆಧಾರವಾಗುವ ಸ, ಕರಿ ನಾಲ್ಕು. ಇದು ನನಗೆ ಗೊತ್ತಿದ್ದದ್ದೇ. ಆದರೆ ಬಿಳಿ ನಾಲ್ಕರ ಮೇಲೂ ಸ್ವಲ್ಪ ಸವೆತ ಇತ್ತು. ಆಳ ಇಲ್ಲ, ಮೇಲ್ಮೈ ಹೊಳಪು ಮಾತ್ರ ಹೋಗಿತ್ತು. ಕರಿ ನಾಲ್ಕರ ಲೆಕ್ಕದಲ್ಲಿ ಬಿಳಿ ನಾಲ್ಕಕ್ಕೆ ಅಷ್ಟೇನೂ ಕೆಲಸ ಇಲ್ಲ. ನೋಟ್‌ಬುಕ್ಕಿನಲ್ಲಿ "ಬಿಳಿ 4, ಯಾಕೆ?" ಅಂತ ಬರೆದು ಮುಂದಕ್ಕೆ ಹೋದೆ.

ತಿದಿ

ಅತಿ ಹೆಚ್ಚು ದಿನ ಹಿಡಿದ ಕೆಲಸ ಇದು. ಪೇಟಿಯಲ್ಲಿ ಎರಡು ತಿದಿ ಇರುತ್ತವೆ. ಹಿಂದುಗಡೆ ಕೈಯಿಂದ ಒತ್ತುವುದು ಒಂದು. ಅದು ಕಳಿಸಿದ ಗಾಳಿಯನ್ನು ಹಿಡಿದಿಟ್ಟು, ಸ್ಪ್ರಿಂಗಿನ ಒತ್ತಡದಲ್ಲಿ ರೀಡುಗಳಿಗೆ ಒಂದೇ ಸಮನೆ ಕೊಡುವ ಒಳ ತಿದಿ ಇನ್ನೊಂದು. ಗಾಳಿ ವಾಪಸ್ ಬರದಂತೆ ತೊಗಲಿನ ಮುಚ್ಚಳಗಳು ತಡೆಯುತ್ತವೆ.

ಪರೀಕ್ಷೆ ಸುಲಭ. ಎಲ್ಲ ಗುಂಡಿ ಒಳಗೆ ತಳ್ಳಿ, ತಿದಿ ಪೂರ್ತಿ ತುಂಬಿಸಿ ಕೈ ಬಿಡಬೇಕು. ಗಾಳಿ ಸೋರದಿದ್ದರೆ ಒಳ ತಿದಿ ಬಹಳ ಹೊತ್ತು ನಿಲ್ಲುತ್ತದೆ. ನಮ್ಮದು ಮೂರು ಸೆಕೆಂಡಿಗೆ ಕುಸಿಯಿತು.

ರಾತ್ರಿ ಲೈಟ್ ಆರಿಸಿ, ತಿದಿಯ ಒಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಹೊರಗಿನಿಂದ ನೋಡಿದೆ. ಮಡಿಕೆಗಳ ಮೂಲೆಯಲ್ಲಿ ಹನ್ನೊಂದು ಕಡೆ ಬೆಳಕು ಬಂತು. ಬಳಪದಿಂದ ಗುರುತು ಹಾಕಿಕೊಂಡೆ. ಇದಲ್ಲದೆ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಅಲ್ಲಿ ಪೆಟ್ಟಿಗೆಯ ಮರವೂ ಎರಡು ಬೆರಳಗಲ ಹೋಗಿತ್ತು.

ಮೊದಲ ಸಲ ಮರಕ್ಕೆ ಹಚ್ಚುವ ಬಿಳಿ ಅಂಟು ಹಾಕಿ ತೊಗಲಿನ ತೇಪೆ ಹಚ್ಚಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮಡಿಕೆಯಲ್ಲಿ ಅಂಟು ಗಟ್ಟಿಯಾಗಿ ಚಟ್ ಅಂತ ಬಿಟ್ಟುಕೊಂಡಿತು. ತಿದಿ ಮಡಚಿ ಬಿಚ್ಚುವ ವಸ್ತು. ಗಡುಸಾಗಿ ಒಣಗುವ ಅಂಟು ಅಲ್ಲಿ ನಿಲ್ಲುವುದಿಲ್ಲ. ಹನ್ನೊಂದು ತೇಪೆಯನ್ನೂ ಒದ್ದೆ ಬಟ್ಟೆ ಇಟ್ಟು ನೆನೆಸಿ ಬಿಡಿಸಬೇಕಾಯಿತು. ಒಂದು ವಾರ ಹೋಯಿತು.

ಕಡಿದ ಮರದ ಮೂಲೆ ತುಂಬಿಸಲು ಏನು ಮಾಡುವುದು ಅಂತ ಕೇಳಲು ಕಿನ್ನಾಳಕ್ಕೆ ಹೋದೆ. ಕೊಪ್ಪಳಕ್ಕೆ ಹತ್ತಿರದ ಊರು. ಅಲ್ಲಿನ ಚಿತ್ರಗಾರರು ತಲೆತಲಾಂತರದಿಂದ ಮರದ ಗೊಂಬೆ, ದೇವರ ಮೂರ್ತಿ, ಪಲ್ಲಕ್ಕಿ ಮಾಡುತ್ತಾರೆ. ಹಗುರ ಮರದಲ್ಲಿ ಆಕಾರ ಕೆತ್ತಿ, ಅದರ ಮೇಲೆ ಕಿಟ್ಟ ಬಳಿಯುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಸರಿ (ಅಂಟು) ಸೇರಿಸಿ ಕಲಸಿದ್ದೇ ಕಿಟ್ಟ. ಗೊಂಬೆ ಮಾಡುತ್ತಿದ್ದ ಹಿರಿಯರೊಬ್ಬರು ಪೇಟಿ ಮೂಲೆ ಮುಟ್ಟಿ ನೋಡಿದರು.

"ಇದಕ್ಕ ಕಿಟ್ಟ ಸಾಕು. ತಿದಿಗಿ ಏನ್ ಹಚ್ಚೀರಿ?"

ಬಿಳಿ ಅಂಟು ಹಚ್ಚಿ ಬಿಟ್ಟ ಕಥೆ ಹೇಳಿದೆ.

"ತೊಗಲಿಗಿ ಹುಣಸಿ ಬೀಜದ ಸರೀನ ಹಚ್ಚ್ರಿ. ತೊಗಲು ಅದನ್ನ ಕುಡೀತೈತಿ. ಒಣಗಿದ ಮ್ಯಾಲೂ ಬಾಗತೈತಿ."

ಅವರು ಹೇಳಿದ ಹಾಗೆ ಮಾಡಿದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ಬೆಳಗ್ಗೆ ರುಬ್ಬಿ ಅಂಬಲಿ ಹದಕ್ಕೆ ಕುದಿಸಬೇಕು. ಬಟ್ಟೆಯಲ್ಲಿ ಸೋಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಬೇಕು. ಮೈಲುತುತ್ತ ವಿಷ. ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ತೆಳ್ಳಗೆ ಹೆರೆದ ಮೆತ್ತನೆ ಕುರಿ ತೊಗಲನ್ನು ನಾಣ್ಯದಷ್ಟು ಅಗಲ ಕತ್ತರಿಸಿ, ಅಂಚು ಇನ್ನೂ ತೆಳ್ಳಗೆ ಮಾಡಿ ಹಚ್ಚಿದೆ. ತಿದಿಯನ್ನು ಅರ್ಧ ತೆರೆದು ನೆರಳಲ್ಲಿ ಒಣಗಲು ಬಿಟ್ಟೆ. ಪೂರ್ತಿ ಮುಚ್ಚಿ ಒಣಗಿಸಿದರೆ ಮಡಿಕೆ ಒಂದಕ್ಕೊಂದು ಅಂಟುತ್ತದೆ, ಪೂರ್ತಿ ತೆರೆದು ಒಣಗಿಸಿದರೆ ಮಡಚುವಾಗ ಎಳೆಯುತ್ತದೆ.

ತೊಗಲು ಹುಡುಕುವಾಗ ತೊಗಲುಗೊಂಬೆ ಮೇಳದ ಒಬ್ಬರನ್ನೂ ಕೇಳಿದ್ದೆ. ಗೊಂಬೆಯ ತೊಗಲು ಗಡುಸು, ಬೆಳಕು ಹಾಯಲು ಹದ ಮಾಡಿದ್ದು, ತಿದಿಗೆ ಬರುವುದಿಲ್ಲ ಅಂದರು. ಮಾತಿನ ನಡುವೆ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಹೆಸರು ಬಂತು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅಮ್ಮ ಹೋಗಿ ಐದು ತಿಂಗಳಾಗಿತ್ತು. ನಮ್ಮ ಜಿಲ್ಲೆಯ ಒಂದು ಮುದುಕಿಗೆ, ಅದೂ ಹಾಡಿ ಆಡಿಸುವ ಹೆಣ್ಣುಮಗಳಿಗೆ ದಿಲ್ಲಿಯಲ್ಲಿ ಮರ್ಯಾದೆ ಆಯಿತು ಅಂತ ಗೊತ್ತಾಗಿದ್ದರೆ ಅಮ್ಮ ಓಣಿಗೆಲ್ಲ ಪೇಢೆ ಹಂಚಿರುತ್ತಿದ್ದಳು.

ಐದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದೆ. ಮೂರು ಸೆಕೆಂಡ್ ಇದ್ದದ್ದು ನಲವತ್ತು ಸೆಕೆಂಡ್ ಆಗಿತ್ತು.

ರೀಡುಗಳು

ಹದಿನಾರು ರೀಡು ನುಡಿಯುತ್ತಿರಲಿಲ್ಲ. ಹೆಚ್ಚಿನವಕ್ಕೆ ರೋಗ ಒಂದೇ. ಹಿತ್ತಾಳೆ ಚೌಕಟ್ಟಿಗೂ ಅದರಲ್ಲಿ ಕಂಪಿಸುವ ನಾಲಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಅಲ್ಲಿ ಏನೇ ಸಿಕ್ಕಿಕೊಂಡರೂ ನಾಲಿಗೆ ಆಡುವುದಿಲ್ಲ. ಇಲ್ಲಿ ಸಿಕ್ಕಿಕೊಂಡಿದ್ದೂ ವಿಭೂತಿಯೇ. ತೆಳು ಕಾಗದವನ್ನು ನಾಲಿಗೆ ಕೆಳಗೆ ತೂರಿಸಿ ಮೆಲ್ಲಗೆ ಎಳೆದರೆ ಬರುತ್ತದೆ. ಬಾಯಿಂದ ಊದಬೇಡಿ. ಉಸಿರಿನ ಪಸೆಗೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ.

"ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡ್ಲೇನೋ ತಮ್ಮಾ?" ಅಂತ ಅವ್ವ ಕೇಳಿದಳು. ಬೇಡ ಅಂದೆ. ತಂಬಿಗೆಗೆ ಸರಿ, ರೀಡಿಗೆ ಅಲ್ಲ. ನಾಲಿಗೆಯಿಂದ ಎಳ್ಳಷ್ಟು ಲೋಹ ಹೋದರೂ ಸ್ವರ ಬದಲಾಗುತ್ತದೆ. ತುದಿಯಲ್ಲಿ ಕೆರೆದರೆ ನಾಲಿಗೆ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಬಿಗಿ ಕಡಿಮೆಯಾಗಿ ಇಳಿಯುತ್ತದೆ. ಪೇಟಿ ಶ್ರುತಿ ಮಾಡುವವರ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ. ಆದರೆ ಎಷ್ಟು ಕೆರೆಯಬೇಕು ಅನ್ನುವುದು ಕೈಗೆ ಬರಲು ವರ್ಷಗಳು ಬೇಕು. ಕೆರೆದದ್ದನ್ನು ವಾಪಸ್ ಹಚ್ಚಲು ಬರುವುದಿಲ್ಲ. ಆದ್ದರಿಂದ ಕೈ ಹಾಕುವ ಮೊದಲು 78 ರೀಡನ್ನೂ ಮೊಬೈಲಿನ ಶ್ರುತಿ ಆ್ಯಪ್ ಇಟ್ಟು ಅಳೆದೆ. ಅಂಥ ಆ್ಯಪ್ ವ್ಯತ್ಯಾಸವನ್ನು ಸೆಂಟ್ ಲೆಕ್ಕದಲ್ಲಿ ತೋರಿಸುತ್ತದೆ. ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್.

ಇಷ್ಟು ಹಳೇ ಪೇಟಿಯಲ್ಲಿ ಸ್ವರ ಎಲ್ಲೆಂದರಲ್ಲಿ ಹೋಗಿರುತ್ತದೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಬಹುತೇಕ ಎಲ್ಲವೂ ಐದು ಸೆಂಟ್ ಆಚೆ ಈಚೆ ಇದ್ದವು. ನಾಲ್ಕು ರೀಡು ಮಾತ್ರ ಬೇರೆ. ನಡುವಿನ ಎರಡು ಬಿಳಿ ಒಂದು, ಖರ್ಜದಲ್ಲೂ ನರದಲ್ಲೂ. ನಾಲ್ಕೂ 13ರಿಂದ 15 ಸೆಂಟ್ ಇಳಿದಿದ್ದವು. ತೀರಾ ಕೆಳಗಿನ ಬಿಳಿ ಒಂದು, ತೀರಾ ಮೇಲಿನ ಬಿಳಿ ಒಂದು ಸರಿಯಾಗೇ ಇದ್ದವು.

ಹಳತಾಗಿ ಕೆಟ್ಟಿದ್ದರೆ ನಾಲ್ಕೂ ಒಂದೇ ಅಳತೆಯಲ್ಲಿ ಕೆಡುವುದಿಲ್ಲ, ಅಲ್ವಾ? ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕೂ ನಾಲಿಗೆಗಳ ಬುಡದಲ್ಲಿ, ರಿವೆಟ್ಟಿನ ಪಕ್ಕ, ಅಡ್ಡಡ್ಡ ಸಣ್ಣ ಗೆರೆ. ಒಂದೇ ಓರೆ, ಒಂದೇ ಆಳ. ಯಾರೋ ತಿಳಿದವರು ಬೇಕಂತಲೇ ಕೆರೆದು ಸ್ವರ ಇಳಿಸಿದ್ದರು.

ಅವ್ವನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಹೇಳಿದಳು.

"ಕಂಪನಿ ಪೇಟಿ ಮಾಸ್ತರು ಇರಬೇಕು. ಜಾತ್ರಿಗೆ ಬಂದಾಗೊಮ್ಮೆ ಮನಿಗಿ ಬರತಿದ್ರು. ನಾ ಸಣ್ಣಾಕಿ. ಅಮ್ಮ ಹಾಡಾಕಿ, ಅವ್ರು ಪೇಟಿ ಬಿಚ್ಚಿ ಬ್ಲೇಡು ಹಿಡ್ಕೊಂಡು ಕುಂತಿರತಿದ್ರು. ಅಮ್ಮ ತಲಿ ಅಲ್ಲಾಡಿಸಿದ್ರ ಮತ್ತ ತುಸು ಕೆರೀತಿದ್ರು. ಆಕಿ ಹ್ಞೂಂ ಅನ್ನೋ ತನಕಾ."

ಗಾಂಧಾರ

ಇದು ಅರ್ಥವಾಗಬೇಕಾದರೆ ಪೇಟಿಯ ಒಂದು ಗುಣ ತಿಳಿದಿರಬೇಕು. ಪೇಟಿಯಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಮನೆಯಿಂದ ಹಾಡಿದರೂ ನಡೆಯಲಿ ಅಂತ. ಆದರೆ ತಂಬೂರಿಯ ಷಡ್ಜದ ತಂತಿ ಮೀಟಿ ಕಿವಿಗೊಟ್ಟರೆ ಅದರೊಳಗೆ ತಾನಾಗಿ ಒಂದು ಗಾಂಧಾರ ಕೇಳಿಸುತ್ತದೆ. ಅದು ಪೇಟಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ ಇರುತ್ತದೆ. ಪೇಟಿಯ ಸ್ವರ ಕಲ್ಲಿನ ಹಾಗೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಸೂಕ್ಷ್ಮ ಶ್ರುತಿ ಇಲ್ಲ ಅನ್ನುವ ವಾದದಿಂದಲೇ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ಇತ್ತು. ತಾತ ಪೇಟಿ ತಂದಾಗ ಅದಿನ್ನೂ ಜಾರಿಯಲ್ಲಿತ್ತು. ರೇಡಿಯೊದಲ್ಲಿ ದೊಡ್ಡವರ ಹಾಡಿಗೆ ಪೇಟಿ ಯಾಕೆ ಬರುವುದಿಲ್ಲ ಅಂತ ಅಮ್ಮ ಮಾಸ್ತರರನ್ನು ಕೇಳಿದ್ದಳಂತೆ.

ಅಮ್ಮ ಶಾಲೆಗೆ ಹೋದವಳಲ್ಲ. ಅವಳ ಅಪ್ಪ ಬಯಲಾಟದ ಮೇಳದಲ್ಲಿ ಪೇಟಿ ನುಡಿಸುತ್ತಿದ್ದರು. ಹೆಣ್ಣುಮಕ್ಕಳು ಮುಟ್ಟುವ ಹಾಗಿರಲಿಲ್ಲ. ಮೂಲೆಯಲ್ಲಿ ಕೂತು ನೋಡಿ, ಮಣೆ ಮೇಲೆ ಬೆರಳಾಡಿಸಿ ಕಲಿತವಳು. ತಾತ ಹೋದಾಗ ಅವ್ವನಿಗೆ ಹತ್ತು ವರ್ಷ. ಅಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮನೆ ನಡೆಸಿದಳು. ದಿನಕ್ಕೆ ಇನ್ನೂರು ರೊಟ್ಟಿ. ಹೆಂಚಿನ ಮುಂದೆ ಕೂತು ಹಾಡುತ್ತಿದ್ದಳು. ರೊಟ್ಟಿ ಬಡಿಯುವ ಸದ್ದೇ ತಾಳ. ಬಡಿತ ಒಂದು ಗತಿಯಲ್ಲಿ, ಪದ ಇನ್ನೊಂದು ಗತಿಯಲ್ಲಿ, ಆದರೆ ರೊಟ್ಟಿ ಹೆಂಚಿಗೆ ಬೀಳುವಾಗ ಎರಡೂ ಕೂಡುತ್ತಿದ್ದವು. ಆ ದುಡ್ಡಿನಲ್ಲೇ ಅವ್ವನನ್ನು ಓದಿಸಿದಳು, ಮದುವೆ ಮಾಡಿದಳು, ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡು ನಮ್ಮನ್ನೆಲ್ಲ ಬೆಳೆಸಿದಳು. ಓಣಿಯಲ್ಲಿ ತೊಟ್ಟಿಲು, ಕುಪ್ಪಸ, ಸೋಬಾನೆ, ಶ್ರಾವಣದ ಭಜನೆ ಯಾವುದೂ ಅಮ್ಮ ಬರದೆ ಶುರುವಾಗುತ್ತಿರಲಿಲ್ಲ. ಯಾರ ಮನೆಯ ಜಗಳವಾದರೂ ಅಮ್ಮನ ಕಟ್ಟೆಗೇ ಬರುತ್ತಿತ್ತು. ಪೂರ್ತಿ ಕೇಳುತ್ತಿದ್ದಳು. ಯಾರನ್ನೂ ನಡುವೆ ತಡೆಯುತ್ತಿರಲಿಲ್ಲ.

ಸೆಂಟ್, ಶ್ರುತಿ ಅನ್ನುವ ಹೆಸರು ಗೊತ್ತಿಲ್ಲದೆ, ಬರೀ ಕಿವಿಯಿಂದ, ತನ್ನ ಗಾಂಧಾರ ಪೇಟಿಯಲ್ಲಿ ಇಲ್ಲ ಅಂತ ಆಕೆಗೆ ತಿಳಿದಿತ್ತು. ಮಾಸ್ತರರ ಹತ್ತಿರ ಕೂತು ಅದನ್ನು ಮಾಡಿಸಿಕೊಂಡಿದ್ದಳು.

ಈಗ ಬಿಳಿ ನಾಲ್ಕಕ್ಕೆ ಬರುತ್ತೇನೆ.

ಅರವತ್ತೈದು ದಾಟಿದ ಮೇಲೆ ಅಮ್ಮನ ದನಿ ಇಳಿಯುತ್ತಾ ಬಂತು. ಕರಿ ನಾಲ್ಕರಲ್ಲಿ ಮೇಲಿನ ಷಡ್ಜ ಮುಟ್ಟಲು ಕಷ್ಟಪಡುತ್ತಿದ್ದಳು. ಒಂದೊಂದೇ ಮನೆ ಕೆಳಗೆ ಬಂದು ಕೊನೆಗೆ ಬಿಳಿ ನಾಲ್ಕರಲ್ಲಿ ನಿಂತಳು. ಆ ಹೊಸ ಸವೆತ ಇದರದ್ದು. ಬಿಳಿ ನಾಲ್ಕು ಷಡ್ಜವಾದರೆ ಬಿಳಿ ಒಂದು ಪಂಚಮವಾಗುತ್ತದೆ. ಗಾಂಧಾರವಾಗಿ ಸಿಹಿಯಾಗಿದ್ದ ಅದೇ ರೀಡು ಪಂಚಮವಾಗಿ 16 ಸೆಂಟ್ ಕೆಳಗೆ ಬೀಳುತ್ತದೆ. ಪಂಚಮ ಷಡ್ಜದ ಜೊತೆ ಸದಾ ಕೇಳುತ್ತಲೇ ಇರುವ ಸ್ವರ. ಅದು ಕೆಟ್ಟರೆ ಹಾಡುವವರಿಗೆ ನಿಲ್ಲಲು ನೆಲವೇ ಇಲ್ಲ.

"ತಮ್ಮಾ, ಪಂಚಮ ಅಳಾಕತ್ತೈತಿ ನೋಡೋ" ಅಂತ ಅಮ್ಮ ನನಗೆ ಹೇಳಿದ್ದು ನೆನಪಿದೆ. ಆಗ ನಾನು ಐಟಿಐ ಓದುತ್ತಿದ್ದೆ. ಬಿಳಿ ಒಂದನ್ನು ಒತ್ತಿ ನೋಡಿದೆ. ದನಿ ಬಂತು. "ಏನೂ ಆಗಿಲ್ಲಮ್ಮ, ಸರೀನ ಐತಿ" ಅಂದೆ. ಆಕೆ ಇನ್ನೂ ಎರಡು ಮೂರು ಸಲ ಹೇಳಿದ ಮೇಲೆ ರಿಪೇರಿಯವರೊಬ್ಬರನ್ನು ಕರೆಸಿದೆವು. ಅವರು ಎಲ್ಲ ಮನೆಯನ್ನೂ ಒಂದೊಂದಾಗಿ ಒತ್ತಿ, ಎಲ್ಲ ನುಡಿಯುತ್ತಿವೆ ಅಂತ ಹೇಳಿ ಹೋದರು. ಆಮೇಲೆ ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದೆವು. ವಯಸ್ಸಾಯಿತು, ಕಿವಿ ಮಂದ ಆಗಿವೆ. ನಾನೂ ಹೇಳಿದೆ.

ಅಮ್ಮ ವಾದ ಮಾಡಲಿಲ್ಲ. ಒಂದು ದಿನ ಪೇಟಿ ಒರೆಸಿ, ತನ್ನ ಸೀರೆ ಸುತ್ತಿ, ತಾನೇ ಗಂಟು ಹಾಕಿ, ಮೇಲೆ ಇಡು ಅಂದಳು. ಏಣಿ ಹತ್ತಿ ಇಟ್ಟವನು ನಾನೇ. 2009ನೇ ಇಸವಿ. ಆಮೇಲೆ ಹದಿನೈದು ವರ್ಷ ಆಕೆ ಬರೀ ತಾಳ ಹಿಡಿದು ಹಾಡಿದಳು.

ಆಕೆಯ ಕಿವಿ ಸರಿಯಾಗಿತ್ತು. ನೋಟ್‌ಬುಕ್ಕಿನ ಆ ಪುಟದಲ್ಲಿ ನಾಲ್ಕು ಅಂಕಿ ಇವೆ: 13, 14, 15, 14. ಅವತ್ತು ಮುಂದೆ ಕೆಲಸ ಮಾಡಲು ಆಗಲಿಲ್ಲ. ಮೂರು ದಿನ ಪೇಟಿ ಹಾಗೇ ಬಿಚ್ಚಿಕೊಂಡು ಚಾಪೆ ಮೇಲಿತ್ತು.

ಏನು ಮಾಡಿದೆ

ಅವ್ವನ ಷಡ್ಜವೂ ಬಿಳಿ ನಾಲ್ಕೇ. ಪುಣ್ಯಸ್ಮರಣೆಗೆ ಹಾಡುವವಳು ಆಕೆ. ಬಿಳಿ ಒಂದು ಹಾಗೇ ಬಿಟ್ಟರೆ ಅಮ್ಮನಿಗೆ ಆದದ್ದೇ ಆಕೆಗೂ ಆಗುತ್ತದೆ. ಸರಿ ಮಾಡಿದರೆ ಅಮ್ಮ ಕೂತು ಮಾಡಿಸಿಕೊಂಡ ಗಾಂಧಾರ ಹೋಗುತ್ತದೆ.

ಕೊನೆಗೆ ಎರಡು ಸಾಲು ಇರುವುದೇ ದಾರಿ ತೋರಿಸಿತು. ಖರ್ಜದ ಸಾಲಿಗೆ ಒಂದು ಗುಂಡಿ, ನರದ ಸಾಲಿಗೆ ಇನ್ನೊಂದು ಗುಂಡಿ. ಯಾವುದು ಎಳೆದರೆ ಆ ಸಾಲಿಗೆ ಮಾತ್ರ ಗಾಳಿ ಹೋಗುತ್ತದೆ. ಖರ್ಜದ ಸಾಲನ್ನು ಮುಟ್ಟಲಿಲ್ಲ. ಬರೀ ಶುಚಿ ಮಾಡಿದೆ. ನರದ ಸಾಲಿನಿಂದ ಆ ಎರಡು ರೀಡನ್ನು ಹೊರಗೆ ತೆಗೆದೆ. ಅವನ್ನು ಕೆರೆಯಲು ಮನಸ್ಸು ಬರಲಿಲ್ಲ. ಹುಬ್ಬಳ್ಳಿಯ ವಾದ್ಯದ ಅಂಗಡಿಯಿಂದ ಅದೇ ಅಳತೆಯ ಎರಡು ಹೊಸ ರೀಡು ತರಿಸಿದೆ. ಗುಜರಾತಿನ ಪಾಲಿತಾಣಾದ ರೀಡು ಅಂದರು, ಆ ಊರು ಪೇಟಿ ರೀಡಿಗೆ ಹೆಸರಾದದ್ದು. ಬಂದಾಗ ಆರೇಳು ಸೆಂಟ್ ಕೆಳಗಿದ್ದವು. ನಾಲಿಗೆ ಕೆಳಗೆ ತೆಳು ಉಕ್ಕಿನ ಪಟ್ಟಿ ತೂರಿಸಿ ಆಸರೆ ಕೊಟ್ಟು, ತುದಿಯಲ್ಲಿ ಬ್ಲೇಡಿನಿಂದ ಎರಡೆರಡೇ ಗೆರೆ ಎಳೆದು, ಮತ್ತೆ ಕೂರಿಸಿ, ಅಳೆದು, ಮತ್ತೆ ತೆಗೆದು, ಹೀಗೆ ಒಂದೊಂದಕ್ಕೂ ಹತ್ತು ಹನ್ನೆರಡು ಸಲ. ಕೆರೆದಾಗ ಹಿತ್ತಾಳೆ ಬಿಸಿಯಾಗಿ ಸ್ವರ ಸ್ವಲ್ಪ ಇಳಿದು ತೋರುತ್ತದೆ. ಆರಲು ಬಿಟ್ಟು ಅಳೆಯಿರಿ, ಇಲ್ಲದಿದ್ದರೆ ಜಾಸ್ತಿ ಕೆರೆದುಬಿಡುತ್ತೀರಿ.

ಹಳೇ ಎರಡು ರೀಡನ್ನು ಬಟ್ಟೆ ಸುತ್ತಿ ಪೇಟಿಯೊಳಗೇ, ಬಲಗಡೆಯ ಖಾಲಿ ಜಾಗದಲ್ಲಿ, ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಂದೆ ಯಾರಿಗಾದರೂ ಕರಿ ನಾಲ್ಕರ ದನಿ ಬಂದರೆ ವಾಪಸ್ ಹಾಕಬಹುದು.

ಎರಡೂ ಗುಂಡಿ ಒಟ್ಟಿಗೆ ಎಳೆದು ಬಿಳಿ ಒಂದು ಒತ್ತಿದರೆ ಸೆಕೆಂಡಿಗೆ ನಾಲ್ಕರಷ್ಟು ಅಲೆ ಏಳುತ್ತದೆ. ಅದನ್ನು ಹಾಗೇ ಬಿಟ್ಟೆ. ಗುರುತಿಗೆ ಅವ್ವ ಖರ್ಜದ ಗುಂಡಿಗೆ ಆ ಇಳಕಲ್ ಸೆರಗಿನ ಕೆಂಪು ದಾರ ಕಟ್ಟಿದ್ದಾಳೆ.

ಉಳಿದ ಸಣ್ಣ ಕೆಲಸಗಳು: ಮನೆಗಳ ಕೆಳಗಿನ ಬಟ್ಟೆ ಹೊಸದು ಹಾಕಿದೆ. ಒಂಬತ್ತು ಸ್ಪ್ರಿಂಗ್ ಬದಲಾಯಿಸಿದೆ. ಮೂಲೆಗೆ ಕಿಟ್ಟ ತುಂಬಿ, ಉಜ್ಜಿ, ಸಾಗವಾನಿ ಬಣ್ಣ ಹಚ್ಚಿದೆ. ಸವೆದ ಮನೆಗಳಿಗೆ ಬಣ್ಣ ಹಚ್ಚಲಿಲ್ಲ.

ಪುಣ್ಯಸ್ಮರಣೆಯ ಸಂಜೆ ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಬಂದಿದ್ದರು. ಅವ್ವ ದಾರ ಇಲ್ಲದ ಗುಂಡಿ ಎಳೆದು, ಬಿಳಿ ನಾಲ್ಕು ಹಿಡಿದು ಎರಡು ತಾಸು ಹಾಡಿದಳು. ಮಳೆ ಬರುತ್ತಿತ್ತು. ಪಸೆಗೆ ತೊಗಲು ಸಡಿಲ ಆಗಬಹುದು ಅಂತ ಭಯ ಇತ್ತು. ಏನೂ ಆಗಲಿಲ್ಲ.

ಎಲ್ಲರೂ ಊಟ ಮಾಡಿ ಹೋದ ಮೇಲೆ ನಾನು ಪೇಟಿ ಮುಚ್ಚಲು ಹೋದೆ. ಅವ್ವ ತಡಿ ಅಂದಳು. ಕೂತು, ಕೆಂಪು ದಾರದ ಗುಂಡಿ ಎಳೆದಳು. ತಿದಿ ತುಂಬಿಸಿ, ಬೆರಳನ್ನು ಕರಿ ನಾಲ್ಕರ ಬರೀ ಮರದ ಮೇಲೂ ಬಿಳಿ ಒಂದರ ಗುಣಿಯಲ್ಲೂ ಇಟ್ಟು ಒಟ್ಟಿಗೆ ಒತ್ತಿದಳು. ಆಮೇಲೆ ತಿದಿಯಿಂದ ಕೈ ತೆಗೆದಳು. ಹಾಡಲಿಲ್ಲ. ಗಾಳಿ ಇರುವವರೆಗೂ ಎರಡೂ ಸ್ವರ ಒಂದೇ ಸಮನೆ ನಿಂತವು. ಒಂಬತ್ತು ಸೆಕೆಂಡ್ ಎಣಿಸಿದೆ.